ಕವಳಿ ಸೋಡಾ ಹುಳಿಯೆದ್ದ ಬೇಸಿಗೆ

ಕಲಘಟಗಿಯಲ್ಲಿ ನಮ್ಮದೊಂದು ಗೋಲಿ ಸೋಡಾದ ಅಂಗಡಿ ಇತ್ತು. ಬರೀ ಸೋಡಾ ಮಾರಿಕೊಂಡು ಸುಮ್ಮನಿದ್ದಿದ್ದರೆ ನನ್ನ ಸೊಂಟ ಇವತ್ತು ಇಷ್ಟು ನೋಯುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಉಳಿದ ಅಂಗಡಿಯವರೆಲ್ಲ ಹುಬ್ಬಳ್ಳಿಯಿಂದ ಬಣ್ಣದ ಎಸೆನ್ಸ್ ತಂದು, ನೀರಿಗೆ ನಾಲ್ಕು ಹನಿ ಬಿಟ್ಟು, ಮಧ್ಯಾಹ್ನ ಆರಾಮಾಗಿ ನಿದ್ದೆ ಮಾಡುತ್ತಿದ್ದರು. ನಮ್ಮ ಯಜಮಾನರಿಗೆ ಅದು ಒಗ್ಗುತ್ತಿರಲಿಲ್ಲ. ಹಂಗಾಮಿಗೊಂದು ಸೋಡಾ ಆಗಲೇಬೇಕು. ಮಳೆಗಾಲಕ್ಕೆ ಹಸಿಶುಂಠಿ, ಚಳಿಗೆ ನೆಲ್ಲಿಕಾಯಿ, ಬೇಸಿಗೆಗೆ ಕವಳಿ ಹಣ್ಣು. ಅದೂ ದಿನಕ್ಕೆ ಎರಡೇ ಪೆಟ್ಟಿಗೆ, ಒಬ್ಬರಿಗೆ ಒಂದೇ ಬಾಟಲಿ. ಹಂಗಾಮು ಮುಗಿದರೆ ಮುಂದಿನ ವರ್ಷದ ತನಕ ಕಾಯಬೇಕು. ಇಷ್ಟನ್ನೂ ಅಂಗಡಿಯ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ದುಂಡಗೆ ಬರೆದಿಡುತ್ತಿದ್ದರು.

ಬರೆಯುವುದು ಅವರು, ಹಣ್ಣು ಬಿಡಿಸುವುದು ನಾನು. ಕಾಡಂಚಿನ ಊರುಗಳ ಹೆಂಗಸರು ಬುಟ್ಟಿಯಲ್ಲಿ ತರುತ್ತಿದ್ದ ಕರೀ ಕವಳಿ ನೋಡಲು ಚೆಂದ. ಆದರೆ ಅದರ ಹಾಲು ಬೆರಳಿಗೆ ಅಂಟಿದರೆ ಎಣ್ಣೆ ಹಚ್ಚಿ ತಿಕ್ಕಿದರೂ ಬಿಡುವುದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ ಹಣ್ಣಿನ ಮುಂದೆ ಕೂತರೆ ಊಟದ ಹೊತ್ತಿನವರೆಗೆ ಬೀಜ ತೆಗೆಯುವುದೇ ಕೆಲಸ. "ಒಂದ ವರ್ಷ ಬಿಡ್ರಿ, ಊರೇನ ಮುಳಗೂದಿಲ್ಲ" ಎಂದರೆ, "ಜನಾ ದಾರಿ ಕಾಯತಾರ ನೋಡ" ಎನ್ನುತ್ತಿದ್ದರು. ನನ್ನ ದಣಿವು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ಹುಚ್ಚು ಅಷ್ಟೇ. ಆ ಹುಚ್ಚಿಗೆ ನಾನು ಬಾಯಿಯಲ್ಲಿ ಬೈದರೂ ಒಳಗೆ ಸಹಿಸಿಕೊಂಡಿದ್ದೆ.

ಸಹಿಸಿಕೊಂಡಿದ್ದಕ್ಕೆ ಕಾರಣವಿತ್ತು. ನನ್ನ ತವರು ನವಲಗುಂದದ ಕಡೆ. ಅಲ್ಲಿ ನಮ್ಮಪ್ಪ ಸಾರಾಯಿ ಕುಡಿದು ಕುಡಿದೇ ಸತ್ತ. ಅವನು ಮನೆಗೆ ಬರುವ ಹೊತ್ತಿಗೆ ಅವ್ವ ನಮ್ಮನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ಮದುವೆಯ ಮಾತು ಬಂದಾಗ ಜ್ವರದಿಂದ ತೀರಿಕೊಂಡ ಎಂದು ಹೇಳಿದೆವು, ನಾನೂ ಗಂಡನ ಮುಂದೆ ಅದನ್ನೇ ಹೇಳಿಕೊಂಡು ಬಂದೆ. ಗಂಡನ ಮನೆಯಲ್ಲಿ ದಿನಾ ಲಿಂಗಪೂಜೆ, ಕುಡಿತದ ಸುದ್ದಿಯೇ ಇಲ್ಲ. ಆ ವಾಸನೆ ಇಲ್ಲದ ಮನೆಯಲ್ಲಿ ಎಷ್ಟು ದುಡಿದರೂ ಅಡ್ಡಿಯಿಲ್ಲ ಎಂದುಕೊಂಡಿದ್ದೆ. ಅದೊಂದೇ ನನಗೆ ಬೇಕಾಗಿದ್ದದ್ದು.

ಆ ಬೇಸಿಗೆ ಇವರ ತಲೆಗೊಂದು ಹೊಸ ವಿಚಾರ ಹೊಕ್ಕಿತು. ಉಪ್ಪಿನಕಾಯಿ ಕಳಿತಷ್ಟೂ ರುಚಿ ಆಗುತ್ತದಲ್ಲ, ಕವಳಿಯ ರಸವನ್ನೂ ಯಾಕೆ ಕಳಿಯಲು ಬಿಡಬಾರದು ಎಂದು. ಹಿಂದಿನ ವರ್ಷಗಳಲ್ಲಿ ಇವತ್ತು ಹಿಂಡಿದ್ದನ್ನು ನಾಳೆ ಬಾಟಲಿಗೆ ತುಂಬುತ್ತಿದ್ದರು. ಈ ಸಲ ಬೆಲ್ಲ ಕೂಡಿಸಿ, ಗಡಿಗೆಯ ಬಾಯಿಗೆ ಅರಿವೆ ಕಟ್ಟಿ, ಅಡಿಗೆಮನೆಯ ಮೂಲೆಯಲ್ಲಿ ಎಂಟು ದಿನ ಇಟ್ಟರು. ಐದನೆಯ ದಿನ ನನ್ನನ್ನು ಕರೆದು ಗಡಿಗೆಗೆ ಕಿವಿ ಹಚ್ಚಲು ಹೇಳಿದರು. ಒಳಗೆ ಸಣ್ಣಗೆ ಸುಂಯ್ ಎನ್ನುತ್ತಿತ್ತು.

"ಗ್ಯಾಸ್ ಹಾಕದೇ ಗುಳ್ಳಿ ಏಳಾಕತ್ತಾವ. ಹಣ್ಣ ಅಗದಿ ಚಲೋ ಅದಾವು ಈ ವರ್ಷ" ಎಂದು ಹಿಗ್ಗಿದರು.

ದೋಸೆಯ ಹಿಟ್ಟು ಉಬ್ಬಿದ್ದನ್ನು ಕಂಡವರು ನಾವು. ಹುಳಿ ಎಂದರೆ ಮಜ್ಜಿಗೆಯ ಹುಳಿ. ನನಗೂ ಸಂಶಯ ಬರಲಿಲ್ಲ. ಮೂಗಿನ ತುಂಬ ಕವಳಿಯೇ ತುಂಬಿಕೊಂಡಿತ್ತು.

ಆ ವರ್ಷದಷ್ಟು ಗಿರಾಕಿ ಎಂದೂ ಬಂದಿರಲಿಲ್ಲ. ಮಿಶ್ರಿಕೋಟಿಯಿಂದ ಗಂಡಸರು ಸೈಕಲ್ ತುಳಿದುಕೊಂಡು ಬಂದು ಒಂದು ಬಾಟಲಿಗೆ ನಿಲ್ಲುತ್ತಿದ್ದರು. ಕುಡಿದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರೇ ಹೊರತು ಯಾರೂ ಬಾಯಿ ಬಿಡಲಿಲ್ಲ. ಮಠದ ಓಣಿಯ ಹಿರಿಯರೊಬ್ಬರು ದಿನಾ ಬಂದು, "ಹೊಟ್ಟಿ ಹಗರ ಆಕ್ಕೈತಿ" ಎಂದು ಕುಡಿದು, ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ನಮ್ಮ ಯಜಮಾನರಿಗೆ ಹಿಗ್ಗಿನಲ್ಲಿ ನೆಲ ಕಾಣುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದರು. ಅವತ್ತಿನ ಗಡಿಗೆಗಳ ರುಚಿ ನೋಡಿ ನೋಡಿ ಮುಖ ಕೆಂಪಾಗಿತ್ತು, ಮಾತು ಎಂದಿಗಿಂತ ಹೆಚ್ಚು. ರೊಟ್ಟಿ ಹಾಕಲು ನಾನು ಬಾಗಿದೆ. ಅವರು ನನ್ನ ಕಡೆ ತಿರುಗಿ ಪಲ್ಯ ಕೇಳಿದರು. ಆ ಉಸಿರು ನನ್ನ ಮುಖಕ್ಕೆ ಬಡಿಯಿತು. ನನ್ನ ಅಡಿಗೆಮನೆಯಲ್ಲಿ ನಮ್ಮಪ್ಪ ಬಂದು ಕೂತಿದ್ದ.

"ಆ ಗಡಿಗಿ ಚೆಲ್ಲರಿ. ಅದು ಸಾರಾಯಿ ಆಗೇತಿ" ಎಂದೆ.

"ಹುಚ್ಚಿ ಏನ? ಅದು ಕವಳಿ ವಾಸನಿ" ಎಂದು ನಕ್ಕರು. ನಾನು ನಗಲಿಲ್ಲ. ಅವರಿಗೆ ಸಿಟ್ಟು ಬಂತು. "ನಮ್ಮ ಮನ್ಯಾಗ ಅದನ್ನ ಮೂಸಿದವರ ಇಲ್ಲ. ನಿನಗ ಹ್ಯಾಂಗ ಗೊತ್ತಾತು?"

ಸುಮ್ಮನಿದ್ದರೆ ಗಡಿಗೆ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಹದಿನಾಲ್ಕು ವರ್ಷ ಮುಚ್ಚಿಟ್ಟಿದ್ದು ಹೊರಬೀಳುತ್ತಿತ್ತು. ಮುಚ್ಚಿಟ್ಟು ನನಗೂ ಸಾಕಾಗಿತ್ತು.

"ನಮ್ಮಪ್ಪಗ ಜ್ವರ ಬಂದಿದ್ದಿಲ್ರಿ. ಕುಡದು ಸತ್ತ. ನಿಮ್ಮ ಮುಂದ ಸುಳ್ಳ ಹೇಳಿದ್ವಿ."

ಅವರು ತುತ್ತು ತಟ್ಟೆಯಲ್ಲಿಟ್ಟು ಎದ್ದರು. ಗಡಿಗೆಗಳನ್ನು ಒಂದೊಂದಾಗಿ ಹಿತ್ತಲಿಗೆ ಹೊತ್ತು ಚೆಲ್ಲಿದರು. ಅಂಗಡಿಗೆ ಹೋಗಿ ತುಂಬಿದ ಬಾಟಲಿಗಳನ್ನೂ ಖಾಲಿ ಮಾಡಿ, ಹಲಗೆ ಒರೆಸಿ ಬಂದರು. ಬಾಯಿ ತೊಳೆದುಕೊಂಡರು, ಮತ್ತೊಮ್ಮೆ ತೊಳೆದುಕೊಂಡರು. ಆಮೇಲೆ ಬಂದು ನನ್ನ ಎದುರು ನೆಲದ ಮೇಲೆ ಕೂತರು.

"ದಿನಾ ಸಂಜಿಕ ನಾ ಬಂದಕೂಡ್ಲೆ ಬಾಗಲಕ್ಕ ಬಂದು, ಬಾಜೂಕ ನಿಂತು ಕೈಯಾನ ಚೀಲ ಇಸ್ಕೋತಿದ್ದಿ. ಇಷ್ಟು ವರ್ಷ ನನ್ನ ಬಾಯಿ ವಾಸನಿ ನೋಡಾಕ ಬರ್ತಿದ್ದೇನ?"

"ಹೌದ್ರಿ" ಎಂದೆ.

ಅವರು ನನ್ನ ಅಂಟು ಹಿಡಿದ ಬೆರಳುಗಳನ್ನು ನೋಡಿದರು.

"ನಾ ಅದನ್ನ ಪ್ರೀತಿ ಅಂತ ತಿಳಕೊಂಡಿದ್ದೆ" ಎಂದರು.

ಅದೂ ಇತ್ತು ಎಂದು ಹೇಳಬೇಕಾಗಿತ್ತು. ತೀರ ದಣಿದಿದ್ದೆ, ಹೇಳಲಿಲ್ಲ.