ಹಿಂಗಣಾ ಬಸ್ಸಿನವರ ಫೋಟೊಗಳು

ಹೋದ ಶನಿವಾರ ನಾಗಪುರದ ಸದರ್‌ನ ಒಂದು ಪುಟ್ಟ ಹಾಲ್‌ನಲ್ಲಿ ನನ್ನ ಅಕ್ಕ ತೆಗೆದ ಫೋಟೊಗಳ ಪ್ರದರ್ಶನ ಇಟ್ಟಿದ್ದೆ. ಮೂರು ದಿನದ ಪ್ರದರ್ಶನ. ಎರಡನೇ ದಿನವೇ ಮುಕ್ಕಾಲು ಖಾಲಿ. (ಜನ ಬರಲಿಲ್ಲ ಅಂತಲ್ಲ. ಗೋಡೆಗಳು ಖಾಲಿಯಾದವು.)

ಅಕ್ಕ ಸುಮಿತ್ರಾ ಧಾರವಾಡದಿಂದ ಮದುವೆಯಾಗಿ ನಾಗಪುರಕ್ಕೆ ಬಂದವಳು. ಹಿಂಗಣಾದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಇಪ್ಪತ್ತಾರು ವರ್ಷ ಅದೇ ಬಸ್ಸು, ಅದೇ ಹೊತ್ತು. ಕೈಚೀಲದಲ್ಲಿ ಟಿಫಿನ್ ಡಬ್ಬಿ, ಪಕ್ಕದಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ. ಜೊತೆಗೆ ಪ್ರಯಾಣಿಸುವ ಕೆಲಸಗಾರರೇ ಅವಳ ವಸ್ತು. ಕಂಬಿ ಹಿಡಿದು ನಿಂತಲ್ಲೇ ತೂಕಡಿಸುವವರು, ಪಾಳಿ ಮುಗಿಸಿ ಗ್ರೀಸ್ ಕೈಯಲ್ಲೇ ಕಡಲೆ ತಿನ್ನುವವರು.

"ಮದುವಿ, ಮುಂಜಿವಿ ಬಿಟ್ಟು ಬಸ್ಸಿನ ಮಂದಿ ಫೋಟೊ ಯಾಕ ತಗೀತೀ?" ಎಂದು ಒಮ್ಮೆ ಕೇಳಿದ್ದೆ.

"ಮದುವಿಗೆ ಫೋಟೊದವ ಬಂದೇ ಬರ್ತಾನ. ಇವರಿಗೆ ಯಾರು ಬರ್ತಾರೋ?" ಅಂದಿದ್ದಳು.

ಕಳೆದ ವರ್ಷ ಅಕ್ಕ ತೀರಿಕೊಂಡಳು. ಟ್ರಂಕಿನಲ್ಲಿ ನಲವತ್ತು ದೊಡ್ಡ ಪ್ರಿಂಟ್‌ಗಳಿದ್ದವು, ಅವಳೇ ಹಾಕಿಸಿದ್ದು. ಫ್ರೇಮ್ ಮಾಡಿಸಿದೆ. ಪರಿಚಯದ ಅಧಿಕಾರಿಗಳನ್ನೂ ಕನ್ನಡ ಬಳಗದ ಹಿರಿಯರನ್ನೂ ಕರೆದೆ. ಅವರು ಬಂದರು, ಚಹಾ ಕುಡಿದರು, ಲೈಟಿಂಗ್ ಬಗ್ಗೆ ಮಾತಾಡಿ ಹೋದರು. ನನಗೂ ಹೆಮ್ಮೆಯಾಗಿತ್ತು.

ಅಷ್ಟರಲ್ಲಿ ಅಕ್ಕನ ಮಗಳು ವೈದೇಹಿ ಹಿಂಗಣಾ ಬಸ್ ಸ್ಟ್ಯಾಂಡಿನಲ್ಲಿ ಪ್ರದರ್ಶನಕ್ಕೆ ಬನ್ನಿ ಎಂದು ಮರಾಠಿಯಲ್ಲಿ ಒಂದು ಚೀಟಿ ಅಂಟಿಸಿ ಬಂದಿದ್ದಳು. "ಬಸ್ಸಿನ ಮಂದಿ ಬಂದು ಏನ ನೋಡ್ತಾರ?" ಎಂದೆ. (ಹೌದು, ಹಾಗೆಯೇ ಕೇಳಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ.)

ಭಾನುವಾರ ಮೊದಲು ಬಂದವರು ಕಮಲಾಬಾಯಿ. ಅರವತ್ತು ದಾಟಿದವರು, ಜೊತೆಗೆ ಸೊಸೆ. ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದ ಗಂಡಸಿನ ಚಿತ್ರದ ಮುಂದೆ ನಿಂತುಬಿಟ್ಟರು. ಪ್ರದರ್ಶನದಲ್ಲಿ ಅದೇ ಅತ್ಯುತ್ತಮ ಎಂದು ಎಲ್ಲರೂ ಹೊಗಳಿದ್ದ ಚಿತ್ರ.

"ಹೇ ಆಮಚೇ," ಅಂದರು. ಇವರು ನಮ್ಮವರು. (ಗಂಡನ ಹೆಸರು ಹೇಳುವ ರೂಢಿ ಆ ತಲೆಮಾರಿಗಿಲ್ಲ.) ತೀರಿಕೊಂಡು ಹನ್ನೆರಡು ವರ್ಷವಾಯಿತಂತೆ. ಮನೆಯಲ್ಲಿರುವುದು ಫ್ಯಾಕ್ಟರಿ ಐಡಿ ಕಾರ್ಡಿನ ಫೋಟೊ ಮಾತ್ರ. ಅದರಲ್ಲಿ ಹೆದರಿದವರ ಹಾಗೆ ಕಾಣುತ್ತಾರಂತೆ.

ಸೊಸೆ ಮೊಬೈಲ್ ತೆಗೆದಳು. ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆದು ಮುಖವೇ ಬರಲಿಲ್ಲ. ಮೂರು ಸಲ ಪ್ರಯತ್ನಿಸಿದಳು. ನಾನು ನೋಡುತ್ತಾ ನಿಂತಿದ್ದೆ.

ವೈದೇಹಿ ಫ್ರೇಮ್ ಇಳಿಸಿದಳು, ಹಿಂದಿನ ರಟ್ಟು ಬಿಚ್ಚಿ ಪ್ರಿಂಟ್ ಹೊರಗೆ ತೆಗೆದಳು.

"ಮಾಮಾ, ಆಯಿ ಹಿಂದ ಏನೋ ಬರದಾಳ. ಕನ್ನಡ ಐತಿ, ನನಗ ಬರೋಬರ್ ಓದಾಕ ಬರಂಗಿಲ್ಲ. ನೀ ಓದು." (ಅಮ್ಮನನ್ನು ಅವಳು ಮರಾಠಿಯವರ ಹಾಗೆ ಆಯಿ ಅನ್ನುತ್ತಾಳೆ.)

ಓದುವ ಅಗತ್ಯ ನನಗಿರಲಿಲ್ಲ. ಫ್ರೇಮ್ ಹಾಕಿಸುವಾಗಲೇ ಓದಿದ್ದೆ. ಎಲ್ಲದರ ಹಿಂದೆಯೂ ಒಂದು ಹೆಸರು, ಒಂದು ಸ್ಟಾಪು. ಕೆಳಗೆ ಒಂದೇ ಮಾತು.

"ಗಣಪತರಾವ್. ಕೊಡಬೇಕು," ಎಂದು ಓದಿದೆ.

ವೈದೇಹಿ ನನ್ನನ್ನೇ ನೋಡಿದಳು. "ನಿನಗ ಗೊತ್ತಿತ್ತು?"

ಗೊತ್ತಿತ್ತು. ಒಳ್ಳೆಯ ಚಿತ್ರಗಳು, ಮನೆತನದ ಆಸ್ತಿ ಅಂದುಕೊಂಡಿದ್ದೆ. ಅಕ್ಕನ ಹೆಸರು ಉಳಿಯಬೇಕು ಎಂಬ ಆಸೆಯಲ್ಲಿ ಅಕ್ಕನ ಮಾತನ್ನೇ ರಟ್ಟಿನಡಿ ಮುಚ್ಚಿದ್ದೆ.

ಆ ಪ್ರಿಂಟನ್ನು ನಾನೇ ಮತ್ತೆ ಫ್ರೇಮಿಗೆ ಸೇರಿಸಿ ಕಮಲಾಬಾಯಿಯ ಕೈಗಿಟ್ಟೆ. ಅವರು ಸೆರಗಿನಿಂದ ಗಾಜು ಒರೆಸಿದರು. "ಒಮ್ಮೆ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಸುಮಿತ್ರಾಬಾಯಿ ನನಗೂ ಹೇಳಿದ್ದರು, ಫೋಟೊ ಕೊಡ್ತೀನಿ ಅಂತ. ಅಷ್ಟರಲ್ಲಿ ಇವರ ಕೆಲಸ ಹೋಯಿತು, ಆ ಬಸ್ಸಿನ ಓಡಾಟವೂ ತಪ್ಪಿತು," ಎಂದರು ಮರಾಠಿಯಲ್ಲಿ. ಸುದ್ದಿ ಹೇಗೆ ಹರಡಿತೋ, ಸಂಜೆಯವರೆಗೂ ಜನ ಬರುತ್ತಲೇ ಇದ್ದರು, ತಮ್ಮವರ ಚಿತ್ರ ಒಯ್ಯುತ್ತಲೇ ಇದ್ದರು. ಒಬ್ಬರು ತಮ್ಮದೇ ಯೌವನವನ್ನು ಕಂಕುಳಲ್ಲಿಟ್ಟುಕೊಂಡು ನಗುತ್ತಾ ಹೋದರು.

ಸೋಮವಾರ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರು ಇಸ್ತ್ರಿ ಅಂಗಿ ತೊಟ್ಟು ಬಂದರು. ಹೆಚ್ಚಿನ ಗೋಡೆಗಳಲ್ಲಿ ಬರೀ ಮೊಳೆಗಳನ್ನು ಕಂಡು, "ಎಲ್ರೀ ಫೋಟೊ?" ಎಂದು ಕೇಳಿದರು.

"ಅವರವರ ಮನ್ಯಾಗ ಅದಾವ್ರಿ. ವಿಳಾಸ ಕೊಡ್ಲ್ಯಾ?" ಎಂದೆ.