ಪಕ್ಕದವನ ಕೆಲಸ ಎಲ್ಲಿಗೆ ಬಂತು?

ಇವತ್ತು ಬೆಳಿಗ್ಗೆ ಕಾಫಿಗೆ ಹಸಿ ಸಿಮೆಂಟಿನ ವಾಸನೆ ಬಂತು. ಕಾಫಿಯದೇನೂ ತಪ್ಪಿಲ್ಲ. ದೆಹಲಿಯ ಪೀತಮ್‌ಪುರದ ನಮ್ಮ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದೇವೆ. ಒಲೆ ಬಾಲ್ಕನಿಗೆ ಹೋಗಿದೆ, ಸಾಸಿವೆ ಡಬ್ಬಿ ನನ್ನ ದಿಂಬಿನ ಪಕ್ಕಕ್ಕೆ ಬಂದಿದೆ. ಭಾನುವಾರ ಹೌಜ್ ಖಾಸ್‌ನಿಂದ ನನ್ನ ನಾದಿನಿ ಹೊಸ ಅಡುಗೆಮನೆ ನೋಡಲು ಊಟಕ್ಕೆ ಬರುತ್ತಾಳೆ.

"ಭಯ್ಯಾ, ಕೆಲಸ ಎಲ್ಲಿಗೆ ಬಂತು?" ಎಂದು ಟೈಲ್ಸಿನ ಇರ್ಫಾನನನ್ನು ಕೇಳಿದೆ.

ಅವನು ಕರಣೆ ಎತ್ತಿ, "ಸಾಬ್, ತೊಂಬತ್ತು ಪರ್ಸೆಂಟ್ ಆದ ಹಾಗೇ" ಎಂದ.

ತೊಂಬತ್ತು ಪರ್ಸೆಂಟ್! ಆ ಮಾತು ಕಿವಿಗೆ ಬಿದ್ದದ್ದೇ ತಡ, ಮಾನೇಸರಿನ ಖುರಾನಾ ಅವರು ಕಣ್ಣ ಮುಂದೆ ಬಂದು ನಿಂತರು. ಆ ಕಥೆ ಕೇಳಿ. ಮನೆ ಕಟ್ಟಿಸುವ ಯೋಚನೆ ಇದ್ದರಂತೂ ತಪ್ಪದೆ ಕೇಳಿ.

ನಾನು ಯಾವ ಕಾಲೇಜಿನಲ್ಲೂ ಕಟ್ಟಡದ ಕೆಲಸ ಕಲಿತವನಲ್ಲ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುತ್ತಿದ್ದೆ. ದೆಹಲಿಗೆ ಬಂದ ಮೇಲೆ ತರಕಾರಿ ಗಾಡಿಯವರ ಜೊತೆ ಚೌಕಾಸಿ ಮಾಡುತ್ತ ಹಿಂದಿ ಕಲಿತೆ. ಇವತ್ತಿಗೂ ನಾನು ಯಾರಿಗೆ ನಮಸ್ತೆ ಹೇಳಿದರೂ, ಜೊತೆಗೊಂದು ಕೊತ್ತಂಬರಿ ಕಟ್ಟು ಪುಕ್ಕಟೆ ಕೇಳಿದ ಹಾಗಿರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಗೆ ಕೇಳಿ ಕೇಳಿಯೇ ಸಣ್ಣಪುಟ್ಟ ಕಂಟ್ರಾಕ್ಟು ಹಿಡಿದೆ. ಒಂದು ದಿನ ದೆಹಲಿ ಹತ್ತಿರದ ಮಾನೇಸರಿನಲ್ಲಿ ದೊಡ್ಡ ಕೆಲಸವೇ ಸಿಕ್ಕಿತು. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಗೆ ಒಂದು ಭಾರೀ ಶೆಡ್. ಅದರ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೊದಲ ದಿನವೇ ಅವರು ಹೇಳಿಬಿಟ್ಟರು: "ಯಂತ್ರಗಳ ಲಾರಿ ಬರುವ ಹೊತ್ತಿಗೆ ಶೆಡ್ ತಯಾರಿದ್ದರೆ ಪಕ್ಕದ ಶೆಡ್ಡಿನ ಕೆಲಸವೂ ನಿಮಗೇ. ಇಲ್ಲದಿದ್ದರೆ ಚಹಾ ಕುಡಿದು ಹೊರಡಿ."

ಆ ಪಕ್ಕದ ಶೆಡ್ಡಿನ ಮೇಲೆ ನಾನು ಪ್ರಾಣವನ್ನೇ ಇಟ್ಟಿದ್ದೆ. ಆದರೆ ಕೆಲಸ ನನ್ನ ಕೈಯಲ್ಲಿರಲಿಲ್ಲ, ಹಂಚಿ ಕೊಟ್ಟಿದ್ದೆ. ಏಸಿಯ ಗಾಳಿ ಹಾಯುವ ತಗಡಿನ ದೊಡ್ಡ ಕೊಳವೆ, ಅಂದರೆ ಡಕ್ಟು, ಖುರಾನಾ ಅವರಿಗೆ, ವೈರಿಂಗು ಮತ್ತು ದೀಪ ಸಚದೇವ ಅವರಿಗೆ. ಡಕ್ಟು ಮೇಲೇರದೆ ವೈರು ಎಳೆಯುವಂತಿಲ್ಲ, ವೈರು ಎಳೆಯದೆ ಸೀಲಿಂಗ್ ಮುಚ್ಚುವಂತಿಲ್ಲ. ಹಾಗಾಗಿ ಯಾರದ್ದು ಎಲ್ಲಿಗೆ ಬಂತು ಎಂದು ನನಗೆ ವಾರವಾರವೂ ಗೊತ್ತಾಗಬೇಕು. ಫೋನಿನಲ್ಲಿ ಒಂದು ಗುಂಪು ಮಾಡಿ, ಪ್ರಗತಿ ತಿಳಿಸಿ ಎಂದು ಬೇಡಿಕೊಂಡೆ. ಸಚದೇವ ಅವರು ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸಿದರು. ಖುರಾನಾ ಅವರು ತೊಂಬತ್ತು ಪರ್ಸೆಂಟ್ ಎಂದರು. ಮುಂದಿನ ವಾರವೂ ತೊಂಬತ್ತು, ಅದರ ಮುಂದಿನ ವಾರವೂ ತೊಂಬತ್ತು. ಅವರ ಗಾಡಿ ಮೂವತ್ತಕ್ಕೆ, ಅರವತ್ತಕ್ಕೆ ನಿಲ್ಲುವುದೇ ಇಲ್ಲ. ಸೊನ್ನೆ ಬಿಟ್ಟರೆ ನೇರ ತೊಂಬತ್ತು. ಅಲ್ಲಿ ಇಳಿದು, ಹಾಸಿಗೆ ಬಿಚ್ಚಿ, ಬಿಡಾರವನ್ನೇ ಹೂಡಿದ್ದರು.

ಆಗ ನನ್ನ ವ್ಯಾಪಾರಿ ಬುದ್ಧಿ ಎದ್ದು ಕೂತಿತು. ತರಕಾರಿಯವನನ್ನು "ನಿನ್ನ ಟೊಮೆಟೊ ಹೇಗಿದೆ" ಎಂದು ಯಾರಾದರೂ ಕೇಳುತ್ತಾರೆಯೇ? ಪಕ್ಕದ ಗಾಡಿಯವನದು ಹೇಗಿದೆ ಎಂದು ಕೇಳಬೇಕು. ಸೋಮವಾರ ಎಲ್ಲರನ್ನೂ ಚಹಾಕ್ಕೆ ಕೂರಿಸಿ ಹೊಸ ಕಾನೂನು ಹೊರಡಿಸಿದೆ. ಇನ್ನು ಮೇಲೆ ಯಾರೂ ತಮ್ಮ ಕೆಲಸದ ಬಗ್ಗೆ ಹೇಳುವಂತಿಲ್ಲ, ಪಕ್ಕದವರದ್ದನ್ನು ಹೇಳಬೇಕು.

ಸಚದೇವ ಅವರ ಮುಖ ಅರಳಿತು. "ಖುರಾನಾಜಿಯವರ ಡಕ್ಟಾ? ನೆಲದ ಮೇಲೆ ಮಲಗಿದೆ ಸರ್‌ಜಿ. ನಮ್ಮವರು ಅದರೊಳಗೆ ಊಟದ ಡಬ್ಬಿ ಇಡುತ್ತಾರೆ. ತಂಪಾಗಿರುತ್ತದೆ."

"ಅಚ್ಛಾ! ಮತ್ತೆ ಇವರ ವೈರಿಂಗ್?" ಖುರಾನಾ ಎದ್ದೇ ನಿಂತರು. "ಆಫೀಸ್ ಕೋಣೆಯ ಸ್ವಿಚ್ ಒತ್ತಿದರೆ ಕಕ್ಕಸಿನ ಫ್ಯಾನ್ ತಿರುಗುತ್ತದೆ!"

ಆಹಾ, ಅಂಥ ಸತ್ಯವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಒಬ್ಬ ಹೇಳಿದ್ದಕ್ಕೆ ನಾಚಿ ಇನ್ನೊಬ್ಬ ಕೆಲಸ ಮಾಡುತ್ತಿದ್ದ. ಡಕ್ಟು ಅರ್ಧ ಶೆಡ್ಡಿನವರೆಗೆ ಹತ್ತಿತು. ನಾನು ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ.

ಹೀಗಿರುವಾಗ ಒಂದು ಸೋಮವಾರ ಸಚದೇವ ಲಡ್ಡುವಿನ ಡಬ್ಬಿ ಹಿಡಿದು ಬಂದರು. ಖುರಾನಾಜಿಯವರ ಡಕ್ಟು ಹೇಗಿದೆ ಎಂದೆ. "ಅದ್ಭುತ ಸರ್‌ಜಿ. ಡಕ್ಟು ಅಂದರೆ ಅದು" ಎಂದರು. ಕತ್ತೆತ್ತಿ ನೋಡಿದೆ. ಉಳಿದರ್ಧ ಶೆಡ್ಡಿನಲ್ಲಿ ಒಂದು ಪಾರಿವಾಳ ಬಿಟ್ಟರೆ ಏನೂ ಇರಲಿಲ್ಲ. ಖುರಾನಾ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿ, "ಇವರ ವೈರಿಂಗಾ? ಕವಿತೆ!" ಎಂದರು.

ಆಗಿದ್ದಿಷ್ಟು. ಹಿಂದಿನ ವಾರ ಶೆಡ್ಡಿನಲ್ಲಿ ನಡೆದ ಪೂಜೆಯ ದಿನ ಇಬ್ಬರ ಹೆಂಡಂದಿರೂ ಒಂದೇ ಬೆಂಚಿನ ಮೇಲೆ ಕೂತಿದ್ದರಂತೆ. ಮಾತಿಗೆ ಮಾತು ಬೆಳೆದು, ಸಚದೇವರ ಮಗನಿಗೆ ಖುರಾನಾ ಅವರ ಮಗಳು ಎಂದು ನಿಶ್ಚಯವಾಗಿತ್ತು. ನನ್ನ ಇಬ್ಬರು ಗೂಢಚಾರರು ಬೀಗರಾಗಿಬಿಟ್ಟಿದ್ದರು! ಮದುವೆ ಮುಗಿದ ಮೇಲಾದರೆ ಬೀಗರು ಬೀಗರ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ನಿಶ್ಚಿತಾರ್ಥಕ್ಕೆ ಮುಂಚೆ ಬಾಯಿ ತುಂಬ ಬರೀ ಸಕ್ಕರೆ. ಅತ್ತ ಯಂತ್ರಗಳ ಲಾರಿ ಹೊರಟಿದೆ ಎಂದು ಮೇಡಂ ಫೋನ್ ಮಾಡಿದರು. ಪಕ್ಕದ ಶೆಡ್ಡು ಪಾರಿವಾಳದ ಜೊತೆ ಹಾರಿಹೋಗುವುದು ನನಗೆ ಕಾಣಿಸಿತು.

ಮನೆಗೆ ಬಂದು ಗೋಳಾಡಿದೆ. ಹೆಂಡತಿ ಬೇಳೆ ಕಡೆಯುತ್ತಿದ್ದವಳು ಕೇಳಿದಳು: "ರೀ, ನಿಶ್ಚಿತಾರ್ಥ ಎಲ್ಲಿ ಮಾಡ್ತಾರಂತೆ?"

"ಎಲ್ಲೂ ಜಾಗ ಸಿಕ್ಕಿಲ್ಲವಂತೆ. ನಿನಗೆ ಅದೇ ಚಿಂತೆ."

"ಅಷ್ಟು ದೊಡ್ಡ ಶೆಡ್ ಕಟ್ಟಿಸ್ತಾ ಇದ್ದೀರಿ. ಅಲ್ಲೇ ಮಾಡ್ಲಿ."

ಈ ಉಪಾಯ ನನ್ನದೇ ಎಂದು ಆಮೇಲೆ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನೀವೂ ಹಾಗೇ ತಿಳಿದುಕೊಳ್ಳಿ. ಆದರೆ ಮೇಡಂ ಅವರನ್ನು ಒಪ್ಪಿಸಿದ್ದು ಖಂಡಿತ ನಾನೇ. "ಮೇಡಂ, ಖಾಲಿ ಶೆಡ್ ತಂಪಾದರೆ ಏನು ಬಂತು? ಇನ್ನೂರು ಜನ ಪಂಜಾಬಿಗಳು ಭಾಂಗ್ಡಾ ಕುಣಿಯುವಾಗ ತಂಪಾಗಬೇಕು. ಅದು ಪರೀಕ್ಷೆ!" ಎಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, ಪರೀಕ್ಷೆ ಲಾರಿ ಬರುವ ಮುಂಚೆ ಮುಗಿಯಬೇಕು ಎಂದರು.

ಆಮೇಲೆ ನೋಡಿ ಮಜಾ. "ನಮ್ಮ ಹುಡುಗ ಬೆವರು ಒರೆಸಿಕೊಳ್ಳುತ್ತ ಉಂಗುರ ತೊಡಿಸಬೇಕಾ?" ಎಂದು ಸಚದೇವರ ಹೆಂಡತಿ ಡಕ್ಟಿನ ಬೆನ್ನು ಹತ್ತಿದರು. "ಕತ್ತಲಲ್ಲಿ ನಮ್ಮ ಹುಡುಗಿಯ ಲೆಹಂಗಾ ಯಾರಿಗೆ ಕಾಣುತ್ತೆ?" ಎಂದು ಖುರಾನಾ ಅವರ ಹೆಂಡತಿ ದೀಪದ ಬೆನ್ನು ಹತ್ತಿದರು. ಕೇಳದೆಯೇ ವರದಿ ಬರತೊಡಗಿತು. ಸ್ನಾನಕ್ಕೆ ಹೋದರೆ ವರದಿ, ಊಟಕ್ಕೆ ಕೂತರೆ ವರದಿ. ಒಂದು ದಿನ ಖುರಾನಾ ಅವರ ಸಂದೇಶ ಬಂತು: "ಸರ್‌ಜಿ, ಎಪ್ಪತ್ತೊಂದು ಪರ್ಸೆಂಟ್." ತೊಂಬತ್ತರಿಂದ ಆ ಮನುಷ್ಯ ಎಪ್ಪತ್ತೊಂದಕ್ಕೆ ಇಳಿದಿದ್ದರು! ಆ ಸಂದೇಶವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ನಿಶ್ಚಿತಾರ್ಥ ಭರ್ಜರಿಯಾಗಿ ಆಯಿತು. ಪಂಜಾಬಿಗಳು ಕುಣಿದರು, ಶೆಡ್ ತಂಪಾಗೇ ಇತ್ತು. ಲಾರಿ ಬಂದ ದಿನ ಮೇಡಂ ಗಂಭೀರವಾಗಿ ಒಳಗೆ ಬಂದರು. ಖುರಾನಾ ಏಸಿ ಹಾಕಿದರು. ನಿಶ್ಚಿತಾರ್ಥದ ದಿನ ಡಕ್ಟಿನೊಳಗೆ ಹೇಗೋ ಸೇರಿಕೊಂಡಿದ್ದ ಚೆಂಡುಹೂವಿನ ಎಸಳೆಲ್ಲ ಬುಸ್ಸೆಂದು ಹಾರಿ ಬಂದು ಮೇಡಂ ಅವರ ತಲೆಯ ಮೇಲೆ ಸುರಿದವು.

ಮೇಡಂ ಒಂದು ಎಸಳನ್ನು ಕನ್ನಡಕದಿಂದ ತೆಗೆದು, "ಇದು ಡ್ರಾಯಿಂಗಿನಲ್ಲಿ ಇರಲಿಲ್ಲವಲ್ಲ?" ಎಂದರು.

ಖುರಾನಾ ಕೈಮುಗಿದರು. "ಕೊತ್ತಂಬರಿ ಕಟ್ಟಿನ ಹಾಗೆ, ಮೇಡಂ. ಪುಕ್ಕಟೆ."

ಪಕ್ಕದ ಶೆಡ್ಡು ನನಗೇ ಸಿಕ್ಕಿತು.

ಇಷ್ಟನ್ನು ನಾನು ನೆನೆಸಿಕೊಂಡು ಒಬ್ಬನೇ ನಗುತ್ತಿರುವಾಗ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು. "ಇರ್ಫಾನ್ ಭಯ್ಯಾ, ನಿಮ್ಮದು ಬಿಡಿ. ಸಾಬ್ ಅವರದ್ದು ಎಲ್ಲಿಗೆ ಬಂತು?"

"ಎಕ್ಸಾಸ್ಟ್ ಫ್ಯಾನ್ ಇನ್ನೂ ತಂದಿಲ್ಲ ಬೆಹನ್‌ಜಿ. ಅದಕ್ಕೆ ಗೋಡೆಯಲ್ಲಿ ತೂತು ಬಿಟ್ಟುಕೊಂಡು ಕೂತಿದ್ದೇನೆ."

ಹೆಂಡತಿ ನನ್ನ ಕಡೆ ನೋಡಿದಳು. "ಫ್ಯಾನ್ ತಂದ ಹಾಗೇ ಅಂತ ನೀವು ಹೇಳಿದ್ರಲ್ಲ?"

ನಾನು ಚಪ್ಪಲಿ ಮೆಟ್ಟಿದೆ. ಮಾರುಕಟ್ಟೆಗೆ ಬಂದ ಮೇಲೆ ಫೋನು ಗುಂಯ್ ಎಂದಿತು. ಹೆಂಡತಿಯ ಸಂದೇಶ: "ಎಲ್ಲಿದ್ದೀರಿ?" ಬೆರಳು ತಾನಾಗಿಯೇ "ಫ್ಯಾನ್ ತಗೊಂಡ ಹಾಗೇ" ಎಂದು ಬರೆಯಿತು. ಖುರಾನಾ ಅವರ ಎಪ್ಪತ್ತೊಂದು ನೆನಪಾಯಿತು. ಅಳಿಸಿ ಬರೆದೆ: "ಇನ್ನೂ ಅಂಗಡಿ ಮೆಟ್ಟಿಲು ಹತ್ತಿಲ್ಲ."

ತಕ್ಷಣ ಉತ್ತರ ಬಂತು: "ಗೊತ್ತು. ಸಿಮೆಂಟ್ ತರೋಕೆ ಹೋದ ಇರ್ಫಾನ್ ನಿಮ್ಮನ್ನ ಗೋಲ್‌ಗಪ್ಪಾ ಗಾಡಿ ಹತ್ತಿರ ನೋಡಿದ್ರಂತೆ. ನನಗೂ ಕಟ್ಟಿಸಿಕೊಂಡು ಬನ್ನಿ. ಪುದೀನ ನೀರು ಜಾಸ್ತಿ."