ಗಂಟೆಗೆ ಮುಂಚೆ ಒಂದು ಸ್ಲೇಟು

ದಿನವೂ ಬರೆಯುವ ಅಭ್ಯಾಸ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮುಜುಗರ. ಒಬ್ಬ ಹೆಣ್ಣುಮಗಳ ಸಂಸಾರಕ್ಕೆ ಕಲ್ಲು ಹಾಕಿದ ಮೇಲೆ ಬಂದ ಬುದ್ಧಿ ಅದು.

ಆಗ ನಾನು ಸಂತೆಬಾಚಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಕತೆಗಾರನಾಗುವ ಹುಚ್ಚು ಬೇರೆ ಹಿಡಿದಿತ್ತು. ಮನಸ್ಸು ಬಂದ ದಿನ ಒಂದೇ ಸಲಕ್ಕೆ ಹತ್ತು ಹಾಳೆ ಗೀಚುವುದು, ಆಮೇಲೆ ಮೂರು ತಿಂಗಳು ಲೇಖನಿ ಮುಟ್ಟದೆ ಇರುವುದು. ಬರೆದದ್ದನ್ನು ಮೈಸೂರಿನ ಪತ್ರಿಕೆಗೆ ಕಳಿಸಿದರೆ ಹೋದ ಹಾಗೇ ವಾಪಸು ಬರುತ್ತಿತ್ತು. ಸಂಪಾದಕರಿಗೆ ರುಚಿ ತಿಳಿಯದು ಎಂದು ಬೈದುಕೊಂಡು ಸುಮ್ಮನಾಗುತ್ತಿದ್ದೆ.

ಸಂತೆಯ ದಿನ ಶಾಲೆಯ ಜಗಲಿಯ ಮೇಲೆ ಕೂತು, ಓದುಬರಹ ಬಾರದವರಿಗೆ ಕಾರ್ಡು ಬರೆದುಕೊಡುತ್ತಿದ್ದೆ. ಒಮ್ಮೆ ಊರಿನದೇ ಹುಡುಗಿಯೊಬ್ಬಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಗಂಡ ಅರಕೆರೆಯವನು, ಹಿರೋಡೆಯ ಹತ್ತಿರ, ಅಂದರೆ ಈಗಿನ ಪಾಂಡವಪುರದ ಕಡೆ, ಹೊಸ ನಾಲೆ ತೋಡುವ ಕೆಲಸಕ್ಕೆ ಹೋಗಿದ್ದ. ನಮ್ಮ ಕಡೆ ಐದನೇ ತಿಂಗಳಿಗೆ ಗಂಡನೇ ಗಾಡಿ ಕಟ್ಟಿಕೊಂಡು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ಹೆಣ್ಣು ತಾನಾಗಿ ಹೊರಟುಹೋಗುವ ಹಾಗಿಲ್ಲ. "ಐದು ತುಂಬ್ತಾ ಅದೆ, ಬಂದು ಕರ್ಕೊಂಡೋಗಿ ಅಂತ ಬರೀರಿ ಮೇಷ್ಟ್ರೇ" ಅಂದಳು. ಅಷ್ಟೇ ಅವಳು ಅಂದದ್ದು.

ನನಗೆ ಅದು ಸಾಲದಾಯಿತು. "ಹೃದಯೇಶ್ವರಾ" ಎಂದು ಶುರುಮಾಡಿದೆ. ಚಂದ್ರನನ್ನು ಕಾಣದ ಚಕೋರಿ, ಕಣ್ಣೀರಿನಲ್ಲಿ ತೊಯ್ದ ತಲೆದಿಂಬು, ಎಲ್ಲ ತುಂಬಿಸಿದೆ. ಕಾರ್ಡಿನ ಅಂಚಿನಲ್ಲೂ ಜಾಗ ಬಿಡಲಿಲ್ಲ. ಗಾಡಿ ತರುವ ಮಾತಿಗೆ ಕೊನೆಗೆ ಜಾಗವೇ ಉಳಿಯಲಿಲ್ಲ. ಅವಳಿಗೆ ಓದಿ ಹೇಳಲೂ ಇಲ್ಲ. ಬಹಳ ಚೆನ್ನಾಗಿ ಬಂದಿದೆ ಎಂದು ಒಳಗೊಳಗೇ ಬೀಗಿದೆ.

ಐದು ಕಳೆದು ಆರು ಹಿಡಿಯಿತು. ಗಾಡಿ ಬರಲಿಲ್ಲ. ಅವಳ ಅಣ್ಣ ವಿಚಾರಿಸಲು ನಾಲೆಯ ಕೆಲಸದ ಜಾಗಕ್ಕೇ ಹೋಗಿ ಬಂದ. ಬಂದವನು ನೆಟ್ಟಗೆ ಶಾಲೆಗೆ ನುಗ್ಗಿ, ಹುಡುಗರ ಮುಂದೆಯೇ ಶುರುಮಾಡಿದ.

"ಅದೇನ್ ಬರೆದ್ರಿ ಮೇಷ್ಟ್ರೇ? ಭಾವುಂಗೆ ಓದಾಕೆ ಬರಾಕಿಲ್ಲ, ನಾಲೆ ಕೆಲ್ಸದ ಮೇಸ್ತ್ರಿ ಎಲ್ರ ಮುಂದೆ ಗಟ್ಟಿಯಾಗಿ ಓದ್ಬುಟ್ನಂತೆ. ಈಗ ಭಾವುನ್ನ ಯಾರೂ ಎಸ್ರಿಡ್ದು ಕರೆಯಾಕಿಲ್ಲ, ಹೃದಯೇಶ್ವರ ಬಂದ, ಹೃದಯೇಶ್ವರ ಗುದ್ಲಿ ತಗಂಡ ಅಂತಾರೆ. ಭಾವ ನೋಡುದ್ರೆ, ನನ್ನೆಡ್ತಿ ಬಾಯಲ್ಲಿ ಈ ಮಾತು ಬರಾಕಿಲ್ಲ, ಇದ್ಯಾವನ್ದು ಮಾತು ಅಂತ ಕೇಳ್ತಾವ್ನೆ. ಏನೇಳನ ನಾನು?"

ತವರಿನಲ್ಲೇ ಉಳಿದುಬಿಟ್ಟ ಹೆಣ್ಣಿನ ವಿಷಯದಲ್ಲಿ ಊರು ಏನೇನು ಆಡಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಆಗಲೇ ಬಾವಿಕಟ್ಟೆಯಲ್ಲಿ ಗುಸುಗುಸು ಎದ್ದಿತ್ತು. ಇನ್ನೊಂದು ಕಾರ್ಡು ಬರೆಯುತ್ತೇನೆ ಎಂದು ಹುಡುಗಿಗೆ ಹೇಳಿ ಕಳಿಸಿದೆ. "ಬ್ಯಾಡ ಬುಡಿ" ಎಂದು ಅವಳು ಉತ್ತರ ಕಳಿಸಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಾರನೆಯ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಒಂದು ಸ್ಲೇಟು ತೆಗೆದುಕೊಂಡು ಕೂತೆ. ಹಾಳೆಯಾದರೆ ಕಾಸು, ಮೇಲಾಗಿ ಹಾಳೆ ಕಂಡರೆ ನನಗೆ ಚಕೋರಿ ನೆನಪಾಗುತ್ತಿತ್ತು. ಹಿಂದಿನ ದಿನ ಕಿವಿಗೆ ಬಿದ್ದ ಯಾರದಾದರೂ ಮಾತನ್ನು ಅವರು ಆಡಿದ ಹಾಗೇ ಬರೆಯಬೇಕು, ಒಂದೇ ಸ್ಲೇಟು, ಗಂಟೆ ಹೊಡೆದರೆ ಒರೆಸಬೇಕು. ಇದು ನಾನೇ ಹಾಕಿಕೊಂಡ ಕಟ್ಟಳೆ. ಸುಲಭ ಅಂದುಕೊಂಡಿದ್ದೆ. ಬದನೆಕಾಯಿ ಮಾರುವವಳ ನಾಲ್ಕು ಮಾತು ಬರೆದು ಹೆಂಡತಿಗೆ ಓದಿದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸದೆ, "ಇದು ನೀವಂದಿದ್ದು. ಅವಳಂದಿದ್ದಲ್ಲ" ಅಂದಳು. ಎರಡನೇ ದಿನವೂ ಅದೇ. ಮೂರನೇ ದಿನ ನಾನು ಸಿಟ್ಟಿನಿಂದ ಸ್ಲೇಟನ್ನು ಕುಕ್ಕಿದ್ದಕ್ಕೆ ಅದರ ಕಟ್ಟು ಬಿಚ್ಚಿಕೊಂಡಿತು. ನಾಲ್ಕನೇ ದಿನ ಕಟ್ಟು ಸರಿಮಾಡಿಕೊಂಡು ಮತ್ತೆ ಕೂತೆ. ಬರೆಯುವ ಮನಸ್ಸಿತ್ತೋ ಇಲ್ಲವೋ, ಯಾರೂ ಕೇಳುತ್ತಿರಲಿಲ್ಲ. ಜ್ವರ ಬಂದ ದಿನ ಎರಡು ಸಾಲು ಬರೆದೆ, ಅದೂ ಲೆಕ್ಕಕ್ಕೆ ಬಂತು. ಹೀಗೆ ತಿಂಗಳಾಗುತ್ತಾ ಬಂದಾಗ ಒಂದು ಬೆಳಿಗ್ಗೆ, ಅಗಸರ ಮುದುಕಿ ಕತ್ತೆಗೆ ಬೈದದ್ದನ್ನು ಓದುತ್ತಿದ್ದಂತೆ ಹೆಂಡತಿ ಮೊರ ಕೆಳಗಿಟ್ಟು ನಕ್ಕಳು. ಅಷ್ಟು ಸಂತೋಷ ನನಗೆ ಮುಂದೆ ಪುಸ್ತಕ ಅಚ್ಚಾದಾಗಲೂ ಆಗಲಿಲ್ಲ.

ಆ ವಾರ ನಾನೇ ಹುಡುಗಿಯ ಮನೆ ಬಾಗಿಲಿಗೆ ಖಾಲಿ ಕಾರ್ಡು ಹಿಡಿದುಕೊಂಡು ಹೋದೆ. ತಪ್ಪು ನನ್ನದು ಅಂದೆ. ಅವಳು ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ನಾ ಏಳ್ದಂಗೇ ಬರೀಬೇಕು. ಓದಿ ಏಳ್ಬೇಕು" ಅಂದಳು. ಬರೆದೆ.

"ಮಗೀಗೆ ಕೆಳಗ್ಡೆ ಎಲ್ಡು ಅಲ್ಲು ಬಂದವೆ. ನಿಮ್ಮಂಗೇ ಎಲ್ಲಾನೂ ಎಡ್ಗೈಲೇ ಇಡೀತದೆ. ಊರಿಗೋದಾಗ ತೊಟ್ಲು ಕಟ್ಟೋ ಅಗ್ಗ ಇಲಿ ಕಡೀದಂಗೆ ನೋಡ್ಕಳಿ. ಅಟ್ಟದ ಮ್ಯಾಲಿನ ಉಣಸೆಣ್ಣು ನಾ ಬಂದ್ಮೇಲೆ ಇಳಿಸ್ತೀನಿ, ನೀವು ಮುಟ್ಬ್ಯಾಡಿ. ಗಾಡಿ ತತ್ತೀರೋ ಇಲ್ವೋ ಏಳಿ."

ಎರಡು ಸಲ ಓದಿಸಿಕೊಂಡಳು. "ಊಂ, ಸಾಕು" ಅಂದಳು. ಕಾರ್ಡಿನಲ್ಲಿ ಅರ್ಧ ಜಾಗ ಖಾಲಿ ಉಳಿದಿತ್ತು. ನನ್ನ ಕೈ ತುರಿಸಿತು, ಆದರೂ ಬಿಟ್ಟೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಸ್ಲೇಟು ಹಿಡಿದು ಶಾಲೆಯ ಜಗಲಿಯ ಮೇಲೆ ಕೂತಿದ್ದೆ, ಎದುರಿಗೆ ಗಾಡಿ ನಿಂತಿತು. ಅಗಲ ಭುಜದ ಆಳೊಬ್ಬ ಇಳಿದು ಬಂದು, ರುಮಾಲಿನ ಮಡಿಕೆಯಿಂದ ಕಾರ್ಡು ತೆಗೆದು, ಎಡಗೈಯಲ್ಲಿ ಹಿಡಿದು ತೋರಿಸಿದ.

"ಇದ್ ಬರ್ದೋರು ನೀವೇಯಾ?"

ಹೌದು ಅಂದೆ.

"ಅದು, ಮೊದಲ್ನೇದು?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. "ಅದೂ ನಾನೇ" ಅಂದೆ. ಹೊಡೆದೇಬಿಡುತ್ತಾನೆ ಅಂತ ಸ್ಲೇಟನ್ನು ಎದೆಗೆ ಅಡ್ಡ ಹಿಡಿದೆ. ಅವನು ಕಾರ್ಡನ್ನು ಜೋಪಾನವಾಗಿ ಮಡಿಕೆಗೆ ಸೇರಿಸಿದ.

"ಇದ್ನ ಮೇಸ್ತ್ರಿ ಓದ್ದಾಗ ಯಾರೂ ನಗ್ನಿಲ್ಲ. ಅವ್ಳೇ ಬಂದು ಎದ್ರುಗೆ ನಿಂತಂಗಾಯ್ತು. ಇದ್ರಲ್ಲಿ ನಿಮ್ದೇನೂ ಇಲ್ಲ ಮೇಷ್ಟ್ರೇ" ಅಂದು, ಅತ್ತೆಮನೆಯ ಬೀದಿಗೆ ಗಾಡಿ ತಿರುಗಿಸಿದ.

ಆ ಮಾತಿಗೆ ನನಗೆ ಒಂದು ಗಳಿಗೆ ನೋವೇ ಆಯಿತು. ಆಮೇಲೆ ಸ್ಲೇಟು ಎಳೆದುಕೊಂಡು ಅವನು ಆಡಿದ್ದನ್ನು ಆಡಿದ ಹಾಗೇ ಬರೆದೆ. ಗಂಟೆ ಹೊಡೆಯುವ ಹೊತ್ತಿಗೆ ಗಾಡಿ ಶಾಲೆಯ ಮುಂದೆಯೇ ಹಾದುಹೋಯಿತು. ಅವಳು ಇತ್ತ ತಿರುಗಿ ನೋಡಲಿಲ್ಲ; ಕೂಸು ಎಡಗೈಯಲ್ಲಿ ಅಪ್ಪನ ರುಮಾಲನ್ನು ಜಗ್ಗುತ್ತಿತ್ತು. ನಾನು ಸ್ಲೇಟು ಒರೆಸಿ ಎದ್ದೆ.